ಮೇಣಬತ್ತಿಯ ಕಂಬ, ಮಸೀದಿಯ ಕಂಬ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಸಿರಿವಂತರ ದಿವಾನಖಾನೆಗಳನ್ನು ಬೆಳಗಿಸಿದ ಎತ್ತರದ ಮೇಣಬತ್ತಿ ಸ್ಟ್ಯಾಂಡುಗಳನ್ನು ಹಳೆಯ ವಸ್ತುಗಳ ಪ್ರಿಯರು ಇಂದು ಅಪ್ಪಟ ಇಂಗ್ಲಿಷ್ ಕಲೆಯೆಂದು ಕೊಂಡಾಡುತ್ತಾರೆ. ಆದರೆ ಅವುಗಳ ಅಲಂಕಾರದಲ್ಲಿ ಇಂಗ್ಲೆಂಡಿನದು ಎಷ್ಟಿದೆ? ಮೂರು ಕಾಲಿನ ನಿಲುವು ಗ್ರೀಕರ ಮುಕ್ಕಾಲಿಯಿಂದ ಬಂತು. ಮೂಲೆಯ ಟಗರಿನ ತಲೆ, ಇಳಿಬಿದ್ದ ಹೂಮಾಲೆ ರೋಮನರ ಬಲಿಪೀಠಗಳಿಂದ ಬಂದವು. ಈ ಶೈಲಿಗೆ ಹೆಸರು ತಂದ ರಾಬರ್ಟ್ ಆಡಮ್ 1754ರಲ್ಲಿ ಇಟಲಿಗೆ ಹೋಗಿ ಹಳೆಯ ಅವಶೇಷಗಳನ್ನು ಅಳೆದು, ಬರೆದುಕೊಂಡು ಬಂದವನು. ಅನ್ಯದೇವತೆಗಳ ಪೂಜೆಯ ಗುರುತುಗಳು ಕ್ರೈಸ್ತರ ಮನೆಯ ದೀಪಕ್ಕೆ ಆಸರೆಯಾದವು. ಯಾರ ಧರ್ಮವೂ ಕೆಡಲಿಲ್ಲ.

ರೋಮಿನಲ್ಲಿದ್ದ ಪಿರಾನೇಸಿ ಇನ್ನೂ ಮುಂದೆ ಹೋದ. ಪ್ರಾಚೀನ ಅಮೃತಶಿಲೆಯ ಒಡೆದ ತುಂಡುಗಳಿಗೆ ಹೊಸ ಕೆತ್ತನೆ ಸೇರಿಸಿ ಭಾರಿ ದೀಪಸ್ತಂಭಗಳನ್ನು ಜೋಡಿಸಿದ. ಅವುಗಳಲ್ಲಿ ಎರಡನ್ನು ಸರ್ ರೋಜರ್ ನ್ಯೂಡಿಗೇಟ್ ಕೊಂಡು ಆಕ್ಸ್‌ಫರ್ಡಿಗೆ ಕೊಟ್ಟ. ಇಂದು ಅವು ಅಲ್ಲಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿವೆ. ಕಲಾವಿಮರ್ಶೆ ಇದನ್ನು 'ಪ್ರಭಾವ' ಎಂದು ಗೌರವದಿಂದ ಕರೆಯುತ್ತದೆ.

ಈಗ ನಮ್ಮ ಬೆಳಗಾವಿಯ ಕೋಟೆಗೆ ಬರೋಣ. ಆದಿಲಶಾಹಿ ಕಾಲದಲ್ಲಿ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯಲ್ಲೂ ಹಳೆಯ ಕಂಬಗಳಿವೆ. ರಟ್ಟರ ಮತ್ತು ಸೇವುಣರ ಕಾಲದ ಶಾಸನಗಳು ಅವುಗಳ ಮೇಲಿವೆ. ಅದೇ ಕೋಟೆಯಲ್ಲಿ 1204ರ ಕಮಲ ಬಸದಿಯ ಛತ್ತಿನಿಂದ ಕಲ್ಲಿನ ತಾವರೆ ಇಳಿಬಿದ್ದಿದೆ. ಆದರೆ ಇಲ್ಲಿ 'ಪ್ರಭಾವ' ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಕಂಬ ಯಾರದು ಎಂಬ ಜಗಳವೇ ಮೊದಲು ಬರುತ್ತದೆ.

ಕೊಂಡು ತಂದದ್ದಕ್ಕೂ ಗೆದ್ದು ತಂದದ್ದಕ್ಕೂ ವ್ಯತ್ಯಾಸವಿದೆ. ಅದನ್ನು ನಾವು ಮುಚ್ಚಿಡಬೇಕಿಲ್ಲ. ರಾಜರ ಕೈಯಲ್ಲಿ ಅಧಿಕಾರವಿತ್ತು. ಆದರೆ ಮಸೀದಿ ಕಟ್ಟಿದವರು ಆ ಅಕ್ಷರಗಳನ್ನು ಕೆತ್ತಿ ತೆಗೆಯಲಿಲ್ಲ ಎಂಬುದೂ ಅಷ್ಟೇ ನಿಜ. ಆದ್ದರಿಂದಲೇ ನಾವು ಇಂದೂ ಅವನ್ನು ಓದಬಲ್ಲೆವು. ಇತಿಹಾಸ ಹೇಳುವವರು ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು.

ಈ ಎರಡಳತೆ ಬದುಕಿರುವ ಕುಶಲಕರ್ಮಿಯನ್ನೂ ಬಿಟ್ಟಿಲ್ಲ. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಅಲ್ಲಿನ ಕುಂಬಾರನೊಬ್ಬ ಹಣತೆಯ ಜೊತೆಗೆ ಪರದೇಶದ ಮಾದರಿಯ ಮೇಣಬತ್ತಿ ಸ್ಟ್ಯಾಂಡು ಮಾಡಿದರೆ 'ಪರಂಪರೆ ಕೆಟ್ಟಿತು' ಎಂದು ಮರುಗುವವರು ನಮ್ಮಲ್ಲೇ ಇದ್ದಾರೆ. ಇಂಗ್ಲೆಂಡಿನಲ್ಲಿ ಜೋಸಾಯಾ ವೆಜ್‌ವುಡ್ 1769ರಲ್ಲಿ ತೆರೆದ ಮಣ್ಣಿನ ಪಾತ್ರೆಗಳ ಕಾರ್ಖಾನೆಗೆ ಇಟಲಿಯ ಪ್ರಾಚೀನ ನಾಡೊಂದರ ನೆನಪಿನಲ್ಲಿ 'ಎಟ್ರೂರಿಯಾ' ಎಂದೇ ಹೆಸರಿಟ್ಟ. ಅವನು ಕಲಾಪೋಷಕನಾದ, ನಮ್ಮ ಕುಂಬಾರ ಕೆಟ್ಟವನಾದ!

ಎರವಲು ಪಡೆಯದ ಕಲೆ ಎಲ್ಲೂ ಇಲ್ಲ. ಎರವಲು ಪಡೆಯುವ ಹಕ್ಕು ಮಾತ್ರ ಎಲ್ಲರಿಗೂ ಸಿಕ್ಕಿಲ್ಲ. ಲಂಡನ್ನಿನ ದಿವಾನಖಾನೆಗೆ ಹಿಡಿಯುವ ಅಳತೆಗೋಲನ್ನೇ ಬೆಳಗಾವಿಯ ಕೋಟೆಗೂ ಖಾನಾಪುರದ ಕುಂಬಾರನಿಗೂ ಹಿಡಿಯೋಣ. ನಮ್ಮ ವಿಮರ್ಶೆ ಮೊದಲು ಮಾಡಬೇಕಾದ ಕೆಲಸ ಇದು.