ಜಗಲಿಯೂ ಮೆಟ್ಟಿಲೂ

1898ರ ಪ್ಲೇಗಿನ ತರುವಾಯ ಬೆಂಗಳೂರಿನ ಜನರು ಗಾಳಿ ಬೆಳಕುಗಳನ್ನರಸಿ ನೆಲಸಿದ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದು. ಜಗಲಿ ಹಿತ್ತಲುಗಳುಳ್ಳ ಅಲ್ಲಿನ ಹೆಂಚಿನ ಮನೆಗಳನೇಕವು ಅಳಿದು, ಆ ನಿವೇಶನಗಳಲ್ಲಿ ಫ್ಲ್ಯಾಟುಗಳು ಎದ್ದಿರುವುವು. ಇದಕ್ಕೆ ಲೋಭವೊಂದನ್ನೇ ದೂಷಿಸುವುದು ನ್ಯಾಯವಲ್ಲ. ನಾಲ್ವರು ದಾಯಾದಿಗಳಿಗೆ ಒಂದು ಮನೆಯನ್ನು ಹಂಚುವುದು ದುಷ್ಕರ. ನಾಲ್ಕು ಫ್ಲ್ಯಾಟುಗಳನ್ನು ಹಂಚುವುದು ಸುಕರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ಫ್ಲ್ಯಾಟಿಗೆ ಪ್ರತ್ಯೇಕ ಸ್ವಾಮ್ಯವನ್ನೂ, ನೆಲ ಮೆಟ್ಟಿಲುಗಳಲ್ಲಿ ಅವಿಭಕ್ತವಾದ ಪಾಲನ್ನೂ ವಿಧಿಸಿತು. ಕುಟುಂಬವು ಕಳೆದುಕೊಂಡ ‘ಅವಿಭಕ್ತ’ವೆಂಬ ವಿಶೇಷಣವು ಕ್ರಯಪತ್ರಕ್ಕೆ ಸಂದಿತು!

ಹೊಸ ಕಟ್ಟಡದ ದೋಷವು ಅದರ ಎತ್ತರದಲ್ಲಿಲ್ಲ. ಜಗಲಿಯು ಒಬ್ಬನ ಸ್ವತ್ತಾಗಿದ್ದೂ ದಾರಿಹೋಕನಿಗೆ ಆಸನವಾಗಿದ್ದಿತು. ಮೆಟ್ಟಿಲು ಎಲ್ಲರ ಸ್ವತ್ತು. ಅಲ್ಲಿ ಕುಳಿತು ಮಾತನಾಡುವವರಿಲ್ಲ. ಸ್ವಾಮ್ಯವು ಸಾಮಾನ್ಯವಾದ ಮಾತ್ರಕ್ಕೆ ನೆರೆತನವು ಸಿದ್ಧಿಸದು. ಕಟ್ಟುವವರು ಬೀದಿಯ ಮಗ್ಗುಲಿಗೊಂದು ಜಗಲಿಯನ್ನುಳಿಸಿದರೆ, ಫ್ಲ್ಯಾಟಿನ ಬಾಳಿಗೂ ಆ ಗುಣವು ದಕ್ಕೀತು.