ಹೆಡ್‌ಸೆಟ್‌ನೊಳಗಿನ ಕೋಟೆ

ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ಹತ್ತಿರದಿಂದ ನೋಡಿ, ಬಳಿಕ ದೂರದ ಬೆಟ್ಟದತ್ತ ತಿರುಗಿದರೆ ಕಣ್ಣಿನ ಮಸೂರದ ಉಬ್ಬು ಬದಲಾಗುತ್ತದೆ. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಇದಕ್ಕೆ ಆಸ್ಪದ ಕೊಡುವುದಿಲ್ಲ. ಪರದೆಯು ಪೀನ ಮಸೂರದ ಸಂಗಮ ದೂರದೊಳಗೆ ಇರುವುದರಿಂದ ಮಿಥ್ಯಾಬಿಂಬ ಒಂದೇ ದೂರದಲ್ಲಿ, 2 ಮೀಟರ್ ಎನ್ನೋಣ, ನಿಂತಿರುತ್ತದೆ. ಕಿಂಡಿ ಸಮೀಪಿಸಿದಂತೆ ಕಂಡಾಗ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುತ್ತವೆ. ಮಸೂರ ಮಾತ್ರ 2 ಮೀಟರಿಗೇ ಕಟ್ಟುಬಿದ್ದಿರಬೇಕು. ಕಣ್ಣಿನ ದಣಿವಿಗೆ ಇದೊಂದು ಮುಖ್ಯ ಕಾರಣ.

2014ರ ಗೂಗಲ್ ಕಾರ್ಡ್‌ಬೋರ್ಡ್‌ನಿಂದ 2023ರ ಮೆಟಾ ಕ್ವೆಸ್ಟ್ 3ರ ಪ್ಯಾನ್‌ಕೇಕ್ ಮಸೂರದವರೆಗೆ ಚಿತ್ರವೇನೋ ಸ್ಪಷ್ಟವಾಯಿತು. ಈ ದೋಷ ಹೋಗಲಿಲ್ಲ.

ಹಿರಿಯೂರಿನ ವಾಣಿವಿಲಾಸ ಸಾಗರದ ದೂರನೋಟಕ್ಕೆ ಹೆಡ್‌ಸೆಟ್ ಸಾಕು: 2 ಮೀಟರಿಗೂ ಅನಂತಕ್ಕೂ ವ್ಯತ್ಯಾಸ ಅರ್ಧ ಡಯಾಪ್ಟರ್. 25 ಸೆಂ.ಮೀ. ದೂರದಿಂದ ಓದುವ ಕೋಟೆಯ ಶಾಸನಕ್ಕಾದರೆ ಮೂರೂವರೆ. ಅದಕ್ಕೆ ಅಧ್ಯಾಪಕರು ಮಕ್ಕಳನ್ನು ಕೋಟೆಗೇ ಕರೆದೊಯ್ಯಲಿ.