ಜಗಳವಾಡಿಯೂ ಗೆಳೆಯರು

ಗೆಳೆತನ ಉಳೀಬೇಕು ಅಂದ್ರೆ ರಾಜಕೀಯ ಮಾತಾಡಬಾರದು ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಗಾಂಧಿ–ಟ್ಯಾಗೋರರ ಪತ್ರ, ವಾದಗಳನ್ನು ಸವ್ಯಸಾಚಿ ಭಟ್ಟಾಚಾರ್ಯ ಸಂಪಾದಿಸಿದ ‘ದಿ ಮಹಾತ್ಮ ಅಂಡ್ ದಿ ಪೊಯೆಟ್’ (1997) ಓದಿದರೆ ಆ ನಂಬಿಕೆ ಅಲುಗಾಡುತ್ತದೆ.

1932ರಲ್ಲಿ ಯರವಡಾ ಜೈಲಿನಲ್ಲಿ ಗಾಂಧಿ ಉಪವಾಸ ಮುಗಿಸಿದಾಗ ಅಲ್ಲಿದ್ದು ಹಾಡಿದವರು ಟ್ಯಾಗೋರ್. 1934ರ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧಿ ಹೇಳಿದಾಗ, ಇದು ವಿಚಾರಕ್ಕೆ ನಿಲ್ಲದ ಮಾತು ಅಂತ ಬಹಿರಂಗವಾಗಿ ಖಂಡಿಸಿದವರೂ ಅವರೇ. ಗಾಂಧಿ ಏನು ಮಾಡಿದರು? ಆ ಖಂಡನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಪಕ್ಕದಲ್ಲಿ ಉತ್ತರ ಬರೆದರು. ತಮ್ಮ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಸ್ನೇಹ ಕೊನೇತನಕ ಉಳೀತು.

ಭೂಕಂಪದ ವಿಷಯದಲ್ಲಿ ನಾನು ಟ್ಯಾಗೋರರ ಕಡೆ. ಆದರೂ ಒಂದು ಪ್ರಶ್ನೆ ಕಾಡುತ್ತೆ. ಅಸ್ಪೃಶ್ಯತೆ ಕುರಿತು ಇಷ್ಟು ಮರ್ಯಾದೆಯಿಂದ ವಾದಿಸಿದ ಇಬ್ಬರೂ ಅದನ್ನು ಅನುಭವಿಸಿದವರಲ್ಲ. ಟ್ಯಾಗೋರ್ ಹಾಡಿ ಮುಗಿಸಿದ ಆ ಉಪವಾಸದ ಒತ್ತಡದಲ್ಲೇ ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಬಿಟ್ಟು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅವರಿಗೆ ಗಾಂಧಿಯ ಜೊತೆ ಈ ಸಲುಗೆ ಸಿಗಲಿಲ್ಲ. ಸರೀಕರ ಜೊತೆ ಗೌರವದಿಂದ ಜಗಳವಾಡೋದು ಅಷ್ಟು ಕಷ್ಟವಲ್ಲ. ಪುಸ್ತಕ ಓದಿ, ಆದರೆ ಆ ಮಾತುಕತೆಯಲ್ಲಿ ಇಲ್ಲದವರನ್ನೂ ನೆನಪಿಟ್ಟುಕೊಂಡು ಓದಿ.